ಹೆಪ್ಪು ಕೊಡದ ವಾರಗಿತ್ತಿಯನ್ನು ಕಥೆ ಮಾಡಿದ್ದು

ಆಗ ನನಗೆ ಐವತ್ತೆರಡು. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಅಕ್ಷರ ಕಲಿತು ಇನ್ನೂ ಆರು ವರ್ಷವಾಗಿತ್ತು. ಸಾಕ್ಷರತೆಯವರು ನಮ್ಮ ಓಣಿಗೆ ಬಂದು ಕಲಿಸಿದ್ದು. ಒತ್ತಕ್ಷರ ಬಂದ ಕಡೆ ಈಗಲೂ ನಿಂತು ನಿಂತೇ ದಾಟುತ್ತೇನೆ.

ದಾವಣಗೆರೆಯಲ್ಲಿ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವುದು ನನ್ನ ಕೆಲಸ. ಗಂಡ ತೀರಿಕೊಂಡಿದ್ದರು. ಹೆಣ್ಣುಮಕ್ಕಳಿಬ್ಬರು ಅವರವರ ಮನೆ ಸೇರಿದ್ದರು. ಕಥೆ ಬರೆಯುವ ಚಟ ನನಗೆ ಹತ್ತಿದ್ದು ಯಾಕೆ ಎಂದರೆ ಹೇಳಲು ಗೊತ್ತಿಲ್ಲ. ಅಕ್ಷರ ಬಂತು, ಹೊಟ್ಟೆಯಲ್ಲಿ ಮಾತಿತ್ತು, ಬರೆದೆ. ಒಂದು ಹಾಳೆ ತುಂಬಲು ಒಂದು ವಾರ ಬೇಕಾಗುತ್ತಿತ್ತು.

ಹರಿಹರದಲ್ಲಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಒಬ್ಬ ಅಕ್ಕೋರು ಇದ್ದರು. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಅವರ ಮನೆ ಪಡಸಾಲೆಯಲ್ಲಿ ಹೆಂಗಸರು ಏಳೆಂಟು ಮಂದಿ ಸೇರಿ, ಬರೆದದ್ದನ್ನು ಓದುತ್ತಿದ್ದರು. ನನಗೆ ಕಲಿಸಿದ ಹುಡುಗಿಯೇ ಅಲ್ಲಿಗೆ ಕರೆದುಕೊಂಡು ಹೋದಳು. ಅಕ್ಕೋರದ್ದು ಒಂದೇ ಕಟ್ಟಳೆ. ಓದಿದವಳು ಓದಿ ಮುಗಿಸಿದ ಮೇಲೆ ಬಾಯಿ ಮುಚ್ಚಿಕೊಂಡು ಕೂಡಬೇಕು. ಕೇಳಿದವರೆಲ್ಲ ಮಾತಾಡಿ ಮುಗಿಯುವ ತನಕ ಅವಳು ತುಟಿ ಬಿಚ್ಚುವ ಹಾಗಿಲ್ಲ. "ಕಥಿ ನಿಮ್ಮ ಹಿಂದೆ ಹಿಂದೆ ಬಂದು ಎಲ್ಲರಿಗೂ ಬಿಡಿಸಿ ಹೇಳಂಗಿಲ್ಲ. ಕಾಗದದಾಗ ಏನೈತೆ ಅಷ್ಟೇ ಕಥಿ" ಎನ್ನುತ್ತಿದ್ದರು.

ನಾನು ಬರೆದದ್ದು ನನ್ನ ವಾರಗಿತ್ತಿಯ ಮೇಲೆ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯ ಮೇಲೆ. ನಾವು ಕುಕ್ಕುವಾಡದವರು. ಮದುವೆಯಾಗಿ ಎರಡು ವರ್ಷಕ್ಕೆ ಅಣ್ಣತಮ್ಮ ಬೇರೆಯಾದರು. ನಮ್ಮ ಪಾಲಿಗೆ ಹಸು ಬಂತು, ಅವರ ಪಾಲಿಗೆ ಎಮ್ಮೆ. ಅತ್ತೆ ಅವರ ಕಡೆ ಉಳಿದರು. ನಾನು ಬೇರೆ ಒಲೆ ಹೂಡಿದ ಒಂಬತ್ತನೆಯ ದಿನ ಮೊಸರು ಕೆಟ್ಟಿತು. ಹಾಲು ಕಾಸಿಟ್ಟು, ಬಟ್ಟಲು ಹಿಡಿದು, ಅವರ ಬಾಗಿಲಿಗೆ ಹೆಪ್ಪು ಕೇಳಲು ಹೋದೆ. ಓಣಿಯ ನಾಲ್ಕು ಹೆಂಗಸರು ಅಲ್ಲೇ ಕಟ್ಟೆಯ ಮೇಲಿದ್ದರು. ವಾರಗಿತ್ತಿ ಅಂದಳು: "ಇವತ್ತು ವಾರ. ಹೆಪ್ಪು ಹೊರಗ ಕೊಡಂಗಿಲ್ಲ."

ಮಂಗಳವಾರ ಶುಕ್ರವಾರ ನಮ್ಮಲ್ಲಿ ಹಾಲು, ಮೊಸರು, ಹೆಪ್ಪು ಹೊರಗಿನವರಿಗೆ ಕೊಡುವುದಿಲ್ಲ. ಮನೆಯವರಿಗೆ ವಾರ ನೋಡುವುದಿಲ್ಲ. ವಾರ ಎಂದು ಅಂದಳೆಂದರೆ ನೀನು ಹೊರಗಿನವಳು ಎಂದು ನಾಲ್ಕು ಜನರ ಮುಂದೆ ಅಂದ ಹಾಗೆ. ಆ ಮಾತು ಮೂವತ್ತು ವರ್ಷ ನನ್ನ ಹೊಟ್ಟೆಯಲ್ಲಿ ಕೂತಿತ್ತು.

ಅದನ್ನೇ ಬರೆದು ಓದಿದೆ. ಕಥೆಯಲ್ಲಿ ಹಿರಿಸೊಸೆ ಎದ್ದಾಗಿನಿಂದ ಮಲಗುವ ತನಕ ಕೆಟ್ಟವಳು. ಕೇಳಿದ ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಅಮ್ಮಾ, ಹೆಪ್ಪಿನ ಕಡೆ ನಾವೆಲ್ಲ ಉಸಿರು ಹಿಡಿದು ಕುಂತಿದ್ವಿ. ಆದ್ರ ಈ ಹಿರಿಸೊಸಿ ಮೂರು ಹೊತ್ತೂ ಕೆಟ್ಟ ಕೆಲಸ ಮಾಡ್ತಾಳಲ್ಲ, ಆಕಿಗೆ ಅಡಿಗಿ ಮಾಡೋಕೆ ಪುರಸೊತ್ತು ಯಾವಾಗ?"

ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಒಳಗೆ ಉರಿಯಿತು.

"ಇಲ್ಲ ಅಂದಾಗ ಆಕಿ ಕೈಯಾಗ ಏನಿತ್ತು? ಎಲ್ಲಿ ನಿಂತಿದ್ಲು? ಹಿಂದೆ ಯಾರಿದ್ರು? ನೀವು ಬಟ್ಟಲ ಹಿಡಕೊಂಡು ಹೊರಗೇ ನಿಂತು ಬರ್ದೀರಿ. ಒಂದು ಸಲ ಒಳಗ ಹೋಗಿ ಆಕಿ ಕಡಿಂದ ಬಾಗಿಲು ನೋಡ್ರಿ. ತಿದ್ದಿಕೊಂಡು ಬರ್ರಿ."

ಅವರಿಗೆ ಹೇಳುವುದು ಸುಲಭ. ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ವಾರಗಿತ್ತಿ ಅಲ್ಲಿಂದ ಎರಡು ಓಣಿ ಆಚೆಗೆ ಇದ್ದಳು. ಮಗನಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸವಾದ ಮೇಲೆ ಊರು ಬಿಟ್ಟು ಬಂದಿದ್ದಳು. ನನ್ನ ಗಂಡ ಸತ್ತಾಗ ಹನ್ನೊಂದು ದಿನ ನನ್ನ ಮನೆಯಲ್ಲಿದ್ದು ಬೇಯಿಸಿ ಹಾಕಿದವಳು ಅವಳೇ. ಹೆಪ್ಪಿನ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಪ್ರತಿ ತಿಂಗಳು ಓದು ಮುಗಿಸಿ ನಾನು ಉಳಿಯುತ್ತಿದ್ದದ್ದು ಅವಳ ಮನೆಯಲ್ಲಿ. ಅವಳು ಹಾಕಿದ್ದನ್ನು ಉಂಡು, ಅವಳ ಚಾಪೆಯ ಮೇಲೆ ಮಲಗಿ, ಸೋಮವಾರ ಮೊದಲ ಬಸ್ಸಿಗೆ ದಾವಣಗೆರೆ. ಗಂಡನ ಕಡೆಯಿಂದ ಬಾ ಎನ್ನುವ ಬಾಗಿಲು ನನಗೆ ಉಳಿದಿದ್ದು ಅದೊಂದೇ. ಕಥೆ ಅವಳ ಕಿವಿಗೆ ಬಿದ್ದರೆ ಆ ಬಾಗಿಲು ಹೋಯಿತು.

ಅವತ್ತೇ ಸಂಜೆ ಅಕ್ಕ ಕೇಳಿದಳು. ನಾನು ವಾರಗಿತ್ತಿಯನ್ನು ಅಕ್ಕ ಎಂದೇ ಕರೆಯುವುದು.

"ಅಲ್ಲಾ, ತಿಂಗಳಾ ತಿಂಗಳಾ ಅಲ್ಲಿ ಏನ್ ಓದ್ತೀರಿ?"

"ಏನೋ ಸುಮ್ನ, ಕಥಿ."

"ನಿಂದೂ ಐತಾ?"

"ಐತೆ ಒಂದು."

"ಬರೋ ಸಲ ನಾನೂ ಬರ್ತೀನಿ. ರೊಟ್ಟಿ ಬಡಿಯಾಕಿ ಅದೇನ್ ಬರದಾಳೋ ನೋಡಾನ."

ನಿನ್ನ ಮಂಡಿನೋವಿಗೆ ಕೆಳಗೆ ಕೂಡಲು ಆಗುವುದಿಲ್ಲ ಎಂದೆ. ಕುರ್ಚಿ ಹಾಕುತ್ತಾರೆ ಬಿಡು ಎಂದಳು.

ಆ ತಿಂಗಳು ನಾನು ಸರಿಯಾಗಿ ಉಣ್ಣಲಿಲ್ಲ. ಖಾನಾವಳಿಯಲ್ಲಿ ಎರಡು ಸಲ ರೊಟ್ಟಿ ಹೊತ್ತಿಸಿ ಬೈಸಿಕೊಂಡೆ. ಕಡೆಗೆ ಒಂದು ದಾರಿ ಕಂಡಿತು. ಕಥೆಯನ್ನೇ ಬದಲು ಮಾಡುವುದು. ಕುಕ್ಕುವಾಡ ತೆಗೆದು ನಂದಿಗುಡಿ ಮಾಡಿದೆ. ವಾರಗಿತ್ತಿ ತೆಗೆದು ಪಕ್ಕದ ಮನೆಯವಳನ್ನು ಮಾಡಿದೆ. ಹೆಪ್ಪು ತೆಗೆದು ಉಪ್ಪು ಮಾಡಿದೆ. ಬರೆದು ಮುಗಿಸಿ ಜೊತೆಯಲ್ಲಿ ರೊಟ್ಟಿ ಬಡಿಯುವವಳಿಗೆ ಓದಿದೆ. ಅವಳಿಗೆ ಅಕ್ಷರ ಬಾರದು.

"ಉಪ್ಪು ಕೊಡ್ಲಿಲ್ಲ ಅಂತ ಯಾವಾಕಿ ಅಷ್ಟು ಅಳ್ತಾಳೆ?" ಅಂದಳು. "ಅಂಗಡಿಗೆ ಹೋದ್ರೆ ಸಿಗ್ತೈತೆ."

ಅವಳು ಹೇಳಿದ್ದು ಸರಿ. ಉಪ್ಪು ಅಂಗಡಿಯಲ್ಲಿ ಸಿಗುತ್ತದೆ. ಹೆಪ್ಪನ್ನು ಇನ್ನೊಬ್ಬರ ಮನೆಯಿಂದಲೇ ತರಬೇಕು. ಅದಕ್ಕೇ ಅದು ಅಷ್ಟು ನೋಯುವುದು. ಬರೆದವಳು ನಾನು, ಕಾಗದ ಓದಲಾರದವಳು ನನಗೆ ಅದನ್ನು ಹೇಳಬೇಕಾಯಿತು. ಆದರೂ ತಿದ್ದಲಿಲ್ಲ. ಕೆಟ್ಟ ಕಥೆಯಾದರೆ ಆಗಲಿ, ಅಕ್ಕನ ಬಾಗಿಲು ಉಳಿಯಲಿ ಎಂದುಕೊಂಡೆ.

ಭಾನುವಾರ ಬಸ್ಸು ಹತ್ತಿದಾಗ ಎರಡೂ ಕಥೆ ಚೀಲದಲ್ಲಿದ್ದವು. ಹಳೆಯದನ್ನು ಹರಿದು ಹಾಕಬೇಕಿತ್ತು. ಹಾಕಲಿಲ್ಲ. ನಾಲ್ಕು ತಿಂಗಳು ಬರೆದದ್ದು, ಕೈ ಬರಲಿಲ್ಲ.

ಅಕ್ಕ ಇಸ್ತ್ರಿ ಸೀರೆ ಉಟ್ಟು ತಯಾರಾಗಿದ್ದಳು. ಪಡಸಾಲೆಯಲ್ಲಿ ಇದ್ದ ಒಂದೇ ಕುರ್ಚಿಯ ಮೇಲೆ ಅವಳನ್ನು ಕೂಡಿಸಿದರು. ನನ್ನ ಸಂಬಂಧಿ ಎಂದಷ್ಟೇ ಹೇಳಿದೆ. ನನ್ನ ಸರದಿ ಬಂದಾಗ ಉಪ್ಪಿನ ಕಥೆ ತೆಗೆದು ಓದಿದೆ. ಒಂದನೆಯ ಹಾಳೆ ಮುಗಿಯುವಷ್ಟರಲ್ಲಿ ಒಬ್ಬಳು ಆಕಳಿಸಿದಳು. ಅಕ್ಕೋರು ಕೈ ಎತ್ತಿದರು.

"ನಿಲ್ಲಿಸ್ರಿ ಅಮ್ಮಾ. ಇದು ಯಾರ ಮನಿ? ನೀವು ಈ ಮನಿಯೊಳಗ ಕಾಲೇ ಇಟ್ಟಿಲ್ಲ. ಹೋದ ಸಲದ್ದು ತಂದಿಲ್ಲೇನು?"

"ಇಲ್ರಿ."

"ಚೀಲದಾಗ ಕಾಣ್ತೈತಲ್ಲ."

ಅಕ್ಕನೂ ಚೀಲದ ಕಡೆ ನೋಡಿದಳು. "ಐತಲ್ಲ, ಓದು. ಅಷ್ಟು ದೂರದಿಂದ ಹೊತ್ತು ತಂದೀಯ" ಎಂದಳು.

ಓದಿದೆ. ಹೇಗೆ ಓದಿದೆನೋ ಗೊತ್ತಿಲ್ಲ. ಅಕ್ಷರ ಕುಣಿಯುತ್ತಿದ್ದವು. ಸಾಲಿನ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಮಾತು ಎತ್ತಿದೆ. ಅಕ್ಕನ ಮುಖ ನೋಡಲಿಲ್ಲ. ಅವಳ ಕಾಲುಂಗುರ ಮಾತ್ರ ಕಾಣುತ್ತಿತ್ತು. ಹೆಪ್ಪಿನ ಕಡೆ ಬಂದಾಗ ಆ ಕಾಲು ಹಿಂದಕ್ಕೆ ಸರಿಯಿತು. ಮುಗಿಸಿ, ಕಟ್ಟಳೆಯ ಹಾಗೆ ಬಾಯಿ ಮುಚ್ಚಿಕೊಂಡು ಕೂತೆ.

ಮೊದಲು ಮಾತಾಡಿದವಳು ಅಕ್ಕನೇ.

"ಅದು ಶುಕ್ರವಾರ ಅಲ್ಲ. ಮಂಗಳವಾರ."

ಅಕ್ಕೋರು ನಕ್ಕರು. "ಕಥಿಯೊಳಗಿನ ವಾರ ನಿಮಗೆ ಹೆಂಗೆ ಗೊತ್ತು?"

"ಹೆಪ್ಪು ಕೊಡದಾಕಿ ನಾನೇ ಅಲ್ಲೇನ್ರಿ."

ಯಾರೋ ಕಿಸಕ್ಕೆಂದು ನಕ್ಕು, ಮತ್ತೆ ನಿಲ್ಲಿಸಿದರು. ನಾನು ಬಾಯಿ ತೆರೆದೆ. ಅಕ್ಕೋರು ಬೆರಳು ತೋರಿಸಿದರು. ಮುಚ್ಚಿದೆ.

"ಕೊಡ್ಲಿಲ್ಲ, ಖರೆ" ಎಂದಳು ಅಕ್ಕ. ಅವಳ ದನಿ ಏರಲಿಲ್ಲ. "ಕೈಯಾಗ ಕಡಗೋಲು ಇತ್ತು. ಬಾಗಿಲ ಹಿಂದೆ ಅತ್ತಿ ನಿಂತಿದ್ರು. ಕೊಟ್ಟೀಯ ಅಂದ್ರ ನಿನ್ನೂ ಆಚೆ ಕಳಸ್ತೀನಿ ಅಂದಿದ್ರು. ಆರು ತಿಂಗಳ ಕೂಸು ಇಟಗೊಂಡು ಎಲ್ಲಿಗೆ ಹೋಗಲಿ? ಅದು ಈಕಿಗೆ ಗೊತ್ತಿರಲಿಲ್ಲ, ಬರೀಲಿಲ್ಲ. ಅದಕ್ಕ ನಾನು ಏನೂ ಅನ್ನಲ್ಲ. ಆದ್ರ ಬಟ್ಟಲ ತಗೊಂಡು ತಿರುಗಿ ಹೋಗೋವಾಗ ಈಕಿ ನನಗೂ ನನ್ನ ಎಮ್ಮಿಗೂ ಶಾಪ ಹಾಕಿ ಹೋದ್ಲು. ಹದಿನೈದು ದಿನಕ್ಕ ಎಮ್ಮಿ ಬತ್ತಿತು. ಅದು ಎಲ್ಲೈತೆ ಕಥಿಯಾಗ? ನಾನು ಕೇಳಿಕೋತಾನೇ ಕುಂತಿದ್ದೆ, ಬರ್ತೈತೆ ಬರ್ತೈತೆ ಅಂತ."

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಆ ಹೊತ್ತು ಆ ಕಟ್ಟಳೆ ನನ್ನನ್ನು ಉಳಿಸಿತೋ ಕೊಂದಿತೋ, ತಿಳಿಯದು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ಬರೆಯಲಿಲ್ಲ, ಅಷ್ಟೆ. ತಿಂಗಳಿಡೀ ಅವಳ ಮಾನ ಹೋಗುತ್ತದೆ ಎಂದು ಹೆದರಿದ್ದೆ. ಹೋದದ್ದು ನನ್ನದು.

ಅಕ್ಕೋರು ಒಂದೇ ಮಾತು ಹೇಳಿದರು. "ನೀವು ಬಿಟ್ಟಿದ್ದೇ ಕಥಿ ಅಮ್ಮಾ. ಉಳಿದದ್ದು ದೂರು."

ಹೊರಗೆ ಬಂದಾಗ ಅಕ್ಕ ಕಾಯಲಿಲ್ಲ. ಮಂಡಿ ನೋವಿನಲ್ಲೂ ನನಗಿಂತ ಮುಂದೆ ನಡೆದಳು. ಅವಳ ಮನೆಗೆ ಹೋಗುವುದೋ, ಸೀದಾ ಬಸ್ ಸ್ಟ್ಯಾಂಡಿಗೆ ಹೋಗುವುದೋ ತಿಳಿಯದೆ ಓಣಿಯ ತಿರುವಿನಲ್ಲಿ ನಿಂತೆ. ಬಾ ಎಂದು ಅವಳು ಕರೆಯಲಿಲ್ಲ. ಬಾಗಿಲನ್ನೂ ಹಾಕಿಕೊಳ್ಳಲಿಲ್ಲ. ಹೋದೆ. ತಟ್ಟೆ ಇಟ್ಟಳು, ಎರಡು ರೊಟ್ಟಿ, ಬದನೆಕಾಯಿ ಪಲ್ಯ. "ಉಣ್ಣು" ಎಂದಳು. ಇದು ಕಡೆಯ ಊಟ ಎಂದುಕೊಂಡೇ ಉಂಡೆ.

ಮಾರನೆಯ ಬೆಳಗ್ಗೆ ಆರಕ್ಕೆ ಚಾಪೆ ಸುತ್ತಿಟ್ಟು ಚೀಲ ಎತ್ತಿಕೊಂಡೆ. ಅಕ್ಕ ಮೊರ ಮುಂದಿಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಪೆನ್ನು ಐತೇನು?"

"ಐತೆ."

"ಕುಂದ್ರು. ನೀನು ಅಂದಿದ್ದು ಹೇಳ್ತೀನಿ, ಬರಕೋ."

"ನಂಗೆ ನೆನಪೈತೆ ಅಕ್ಕಾ."

"ನಿನ್ನ ನೆನಪು ನಿನ್ನೆ ಕೇಳಿದ್ನಲ್ಲ. ಬರಕೋ."

ಕೂತೆ. ಅವಳು ಅಕ್ಕಿಯಿಂದ ಕಣ್ಣು ಎತ್ತದೆ ಹೇಳಿದಳು: "ನಿನ್ನ ಎಮ್ಮಿ ಕೆಚ್ಚಲು ಒಣಗಿ ಕೊರಡಾಗಲಿ. ನಿನ್ನ ಕೂಸು ಹಾಲಿಗೆ ಬಾಯಿ ಬಿಟ್ಟು ಅಳಲಿ, ನಾನು ಇಲ್ಲೇ ನಿಂತು ಕೇಳ್ತೀನಿ."

ನನ್ನ ಕೈ ನಿಧಾನ. ಕೆಚ್ಚಲು ಎಂದು ಬರೆಯುವಷ್ಟರಲ್ಲಿ ಮುಂದಿನದು ತಪ್ಪಿಹೋಯಿತು. ಇನ್ನೊಂದು ಸಲ ಹೇಳು ಎಂದೆ. ಹೇಳಿದಳು. ಕೂಸಿನ ಹತ್ತಿರ ಮತ್ತೆ ನಿಂತೆ. ಮೂರನೆಯ ಸಲವೂ ಹೇಳಿದಳು, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ನಾನು ಅಂದದ್ದನ್ನು ಅವಳ ಬಾಯಿಂದ ಮೂರು ಸಲ ಕೇಳಿದೆ.

"ಓದು" ಎಂದಳು. ಓದಿದೆ.

"ಹೂಂ. ಇದೇ." ಮೊರ ಎತ್ತಿಕೊಂಡು ಒಳಗೆ ಹೋದಳು.

ಮೊದಲ ಬಸ್ಸು ಹೋಗಿತ್ತು. ನಾನು ಎದ್ದು ಹೋಗಲಿಲ್ಲ. ಶುಕ್ರವಾರ ಎಂದಿದ್ದಲ್ಲಿ ಗೀಟು ಹೊಡೆದು ಮಂಗಳವಾರ ಎಂದು ಬರೆದೆ. ಆಮೇಲೆ ಹೊಸ ಹಾಳೆ ತೆಗೆದು, ಕಡಗೋಲು ಹಿಡಿದವಳ ಕಡೆಯಿಂದ ಬಾಗಿಲು ಹೇಗೆ ಕಾಣುತ್ತಿತ್ತು ಎಂದು ಬರೆಯಲು ಕೂತೆ. ಖಾನಾವಳಿಗೆ ಹೋದಾಗ ಹತ್ತು ಹೊಡೆದಿತ್ತು.