ಆಷಾಢ ಮುಗಿಯುವುದರೊಳಗೆ ಒಂದು ಬಾಡಿಗೆ ಮನೆ

ರಾಜ್ಯಶಾಸ್ತ್ರದ ಮೇಷ್ಟ್ರಾಗಿ ನಾನು ಓದಿದ್ದು, ಬರೆದದ್ದು, ಪಾಠ ಮಾಡಿದ್ದು ಬಹುಪಾಲು ಒಂದೇ ವಿಷಯ: ಜನ ತಮ್ಮನ್ನು ಯಾರೆಂದು ಕರೆದುಕೊಳ್ಳುತ್ತಾರೆ, ಅದಕ್ಕಾಗಿ ಯಾಕೆ ಹೊಡೆದಾಡುತ್ತಾರೆ. ಇದೇ ವಿಷಯ ಒಮ್ಮೆ ನನ್ನ ಸಂಸಾರವನ್ನು ಬೀದಿಗೆ ತರುವುದರಲ್ಲಿತ್ತು. ಅದನ್ನು ಮಾತ್ರ ನಾನು ಎಲ್ಲೂ ಬರೆದಿಲ್ಲ.

ಎಂಬತ್ತರ ದಶಕ. ಗೌರಿಬಿದನೂರಿನಿಂದ ಶಿಡ್ಲಘಟ್ಟದ ಕಾಲೇಜಿಗೆ ವರ್ಗವಾಗಿತ್ತು. ಹೊಸದಾಗಿ ಮದುವೆ. ಮೊದಲ ಆಷಾಢವೆಂದು ಹೆಂಡತಿ ವಿದುರಾಶ್ವತ್ಥದ ಹತ್ತಿರವಿದ್ದ ತವರಿಗೆ ಹೋಗಿದ್ದಳು. ಮಾವನವರು ನನ್ನನ್ನು ಬಸ್ಸು ಹತ್ತಿಸುವಾಗಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಶ್ರಾವಣಕ್ಕೆ ಮನೆ ಮಾಡಿ ಕರ್ಕೊಂಡೋಗಿ ಅಳಿಯಂದ್ರೇ. ಲಾಡ್ಜಿಗೆಲ್ಲಾ ನಮ್ಮುಡುಗೀನ ಕಳ್ಸಲ್ಲ." ನಾನು ಆಗ ಇದ್ದದ್ದು ಲಾಡ್ಜಿನಲ್ಲೇ.

ಖಾಲಿ ಮನೆಗಳೇನೋ ಬೇಕಾದಷ್ಟಿದ್ದವು. ಹೋದ ಕಡೆಯೆಲ್ಲ ಮೊದಲು ಕಾಫಿ ಬರುತ್ತಿತ್ತು, ಅದರ ಹಿಂದೆಯೇ ಪ್ರಶ್ನೆ: "ತಾವು ಯಾವ ಪೈಕಿ ಸಾರ್?"

ಮೈಯೆಲ್ಲ ಉರಿದುಹೋಗುತ್ತಿತ್ತು. ಜಾತಿ ಕೇಳುವವರಿಗೆ ಉತ್ತರ ಕೊಡಬೇಡಿ ಎಂದು ಬೆಳಿಗ್ಗೆ ತರಗತಿಯಲ್ಲಿ ಮೇಜು ಕುಟ್ಟಿ ಹೇಳಿದವನು ಸಂಜೆ ಒಂದು ಅಡುಗೆಮನೆಗಾಗಿ ಬಾಯಿ ಬಿಡುವುದೇ? "ಮನುಷ್ಯರ ಪೈಕಿ" ಎನ್ನುತ್ತಿದ್ದೆ.

"ಅದು ನೋಡಿದ್ರೇನೇ ಗೊತ್ತಾಗ್ತದೆ ಸಾರ್. ಅದ್ರಲ್ಲಿ ಯಾವ್ದು?"

ನಾನು ಗಂಟುಮೋರೆ ಹಾಕಿಕೊಂಡು ಕೂರುತ್ತಿದ್ದೆ. ಅವರಿಗೆ ಇದ್ದಕ್ಕಿದ್ದಂತೆ, ಮನೆ ಕೊಡುವುದಾಗಿ ಯಾರೋ ನೆಂಟರಿಗೆ ಮಾತು ಕೊಟ್ಟಿರುವುದು ನೆನಪಾಗುತ್ತಿತ್ತು. ಜೊತೆಗೆ ಬರುತ್ತಿದ್ದ ಇಂಗ್ಲಿಷ್ ಮೇಷ್ಟ್ರಿಗಂತೂ ಸಾಕಾಗಿಹೋಯಿತು. "ಏನೋ ಒಂದು ಹೇಳಿ ಸಾಯಪ್ಪ! ಹಿಂಗಾದ್ರೆ ನಿನ್ ಹೆಂಡ್ತಿಗೆ ವರ್ಷಪೂರ್ತಿ ಆಷಾಢಾನೇ."

ಆಷಾಢದ ಕೊನೆಯ ವಾರ ಒಂದು ಮನೆ ಸಿಕ್ಕಿತು. ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯುವ ಕೊಟ್ಟಿಗೆ. ಯಜಮಾನಿ ವಯಸ್ಸಾದ ಮುಸ್ಲಿಂ ಹೆಂಗಸು. ಗಂಡ, ಮಕ್ಕಳು ಬೆಳಗಾದರೆ ರೇಷ್ಮೆಗೂಡು ಬೇಯಿಸುತ್ತಿದ್ದರು. ಆಕೆ ಜಾತಿಯ ಸುದ್ದಿಯನ್ನೇ ಎತ್ತಲಿಲ್ಲ. "ಗೂಡು ಬೇಯಿಸೋ ವಾಸನೆ ತಡ್ಕೋತೀರಾ? ಈಗ್ಲೇ ಹೇಳ್ಬಿಡಿ. ಮೂಗು ಮುಚ್ಕೊಂಡು ಓಡಿಹೋದೋರು ಬಾಳ ಜನ."

ಓಹ್, ಎಂಥಾ ಚೆಂದದ ಪ್ರಶ್ನೆ! ತಡೆದುಕೊಳ್ಳುತ್ತೇನೆ ಎಂದೆ. ಮನೆಯಲ್ಲಿ ಯಾರ್ಯಾರು ಎಂದರು. ಹೆಂಡತಿ ತವರಲ್ಲಿ ಕಾಯುತ್ತಿರುವುದನ್ನು ಹೇಳಿದೆ. ಬೀಗದಕೈ ಕೈಗೆ ಬಂತು. ಕೊನೆಗೂ ನನ್ನ ಸಿದ್ಧಾಂತವೇ ಗೆದ್ದಿತೆಂದು ಲಾಡ್ಜಿನವರೆಗೂ ಬೀಗುತ್ತಾ ನಡೆದೆ.

ಶ್ರಾವಣದಲ್ಲಿ ಹೆಂಡತಿ ಬಂದಳು. ಬಾಗಿಲಲ್ಲೇ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಇದೇನ್ರೀ ಇದು, ಇಲ್ಲಿ ಉಣ್ಣೋದಾದ್ರೂ ಹೆಂಗೆ?" ಎಂದಳು. ಸಂಜೆಗೆ ಪೆಟ್ಟಿಗೆ ಕಟ್ಟಿಕೊಂಡು ಕೂತಿರುತ್ತಾಳೆ ಎಂದು ಹೆದರುತ್ತಲೇ ಕಾಲೇಜಿಗೆ ಹೋದೆ.

ಸಂಜೆ ಬಂದರೆ ಹಿತ್ತಲ ಕಟ್ಟೆಯ ಮೇಲೆ ಇವಳೂ ಯಜಮಾನಿಯೂ ಸೊಪ್ಪು ಬಿಡಿಸುತ್ತಾ ತೆಲುಗಿನಲ್ಲಿ ಹರಟುತ್ತಿದ್ದಾರೆ. ನಮ್ಮ ಜಾತಿ, ಮನೆದೇವರು, ನನ್ನ ಅಜ್ಜಿಯ ತವರೂರು, ಎಲ್ಲವನ್ನೂ ನನ್ನ ಹೆಂಡತಿ ಒಂದೇ ಮಧ್ಯಾಹ್ನದಲ್ಲಿ ಒಪ್ಪಿಸಿಬಿಟ್ಟಿದ್ದಳು. ಬದಲಿಗೆ ಆಕೆಯ ಮೂರು ತಲೆಮಾರಿನ ಸಂಗತಿಯೂ ಇವಳ ಕಿವಿಗೆ ಬಿದ್ದಾಗಿತ್ತು.

"ಅರೆ ಮೇಷ್ಟ್ರೇ, ಇಷ್ಟೇನಾ?" ಯಜಮಾನಿ ನಗು ತಡೆಯಲಾರದೆ ಕೇಳಿದರು. "ಇದನ್ನ ಯಾಕಪ್ಪ ಬಚ್ಚಿಟ್ಕೊಂಡಿದ್ರಿ? ಬೀದಿಯೋರೆಲ್ಲಾ ಏನೇನೋ ಅಂತಿದ್ರು. ಪೊಲೀಸ್ ಕೇಸ್ ಇರ್ಬೇಕು, ಇಲ್ಲ ಎಲ್ಲೋ ಇನ್ನೊಂದು ಸಂಸಾರ ಇರ್ಬೇಕು ಅಂತ."

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. "ಅಷ್ಟೊಂದು ಅನುಮಾನ ಇದ್ದೂ ಮನೆ ಕೊಟ್ರಾ?" ಎಂದೆ.

ಆಕೆ ನನ್ನತ್ತ ನೋಡಲೂ ಇಲ್ಲ. ಸೊಪ್ಪಿನ ಮೊರವನ್ನು ನನ್ನ ಹೆಂಡತಿಯ ಕಡೆ ಸರಿಸುತ್ತಾ, "ನಿಮಗೆಲ್ಲಿ ಕೊಟ್ಟೆ?" ಎಂದರು. "ಶ್ರಾವಣ ಬಂದ್ರೂ ಹುಡುಗಿ ತೌರಲ್ಲೇ ಕೂತಿದ್ರೆ ಅವಳ್ನ ನೋಡಿ ಜನ ಏನಂತಾರೆ? ಇವಳಿಗೆ ಕೊಟ್ಟಿದ್ದು."