ಬಾಣಂತಿ ಕೋಣೆಗೆ ಗಾಣದ ಕೆಂಡ

ಬೆಂಕಿಯ ಮಾತು ತಿಳಿದವಳು ಸೀತವ್ವ ಎಂದು ಸಂಗೊಳ್ಳಿಯಲ್ಲಿ ಅನ್ನುತ್ತಿದ್ದರು. ಮದುವೆಯಾಗಿ ಬಂದ ಮರುವರ್ಷವೇ ಅವಳು ನಿಜಗುಣಪ್ಪ ಸಾಹುಕಾರರ ಬೆಲ್ಲದ ಗಾಣದಲ್ಲಿ ಒಲೆಗೆ ಉರಿ ಹಾಕಲು ನಿಂತವಳು. ಕಬ್ಬಿನ ಹಾಲು ಉಕ್ಕುವಾಗ ಎಷ್ಟು ಉರಿ, ಪಾಕ ಬಿಗಿಯುವಾಗ ಎಷ್ಟು ಎಂದು ಯಾರೂ ಅವಳಿಗೆ ಹೇಳಬೇಕಿರಲಿಲ್ಲ. ಗಂಡ ಪರಪ್ಪ ತೀರಿಕೊಂಡ ವರ್ಷವೂ ಸುಗ್ಗಿ ತಪ್ಪಿಸಲಿಲ್ಲ. ಆ ಒಲೆಯ ಮುಂದೆಯೇ ಮಗಳು ದುರ್ಗಾಳನ್ನು ಬೆಳೆಸಿದಳು, ಸಾಲಿ ಕಲಿಸಿದಳು, ಕಟಕೋಳಕ್ಕೆ ಮದುವೆ ಮಾಡಿಕೊಟ್ಟಳು.

ಊರಲ್ಲಿ ಬಾಣಂತಿ ಇದ್ದ ಮನೆಗೆ ಗಾಣದ ಕೆಂಡ ಹೋಗಬೇಕು, ಅದು ಹಿಂದಿನಿಂದ ಬಂದ ನಡೆ. ಬಾಣಂತಿ ಮಲಗುವ ಹೊರಸಿನ ಕೆಳಗೆ ಕಬ್ಬಿಣದ ಬುಟ್ಟಿಯಲ್ಲಿ ಕೆಂಡವಿಟ್ಟು ಅಜಿವಾನದ ಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದರೆ ತಾಯಿಯ ಸೊಂಟ ಗಟ್ಟಿ, ಕೂಸಿನ ಎದೆ ಗಟ್ಟಿ. ಕೆಂಡ ಕೇಳಿ ಬಂದವರು ಯಾವ ಓಣಿಯವರೇ ಇರಲಿ, ಬರಿಗೈಲಿ ಕಳಿಸುವಂತಿಲ್ಲ. ಸಾಹುಕಾರರ ಮನೆಯಲ್ಲೇ ಬಾಣಂತಿ ಇದ್ದರೆ ಮೊದಲ ಬುಟ್ಟಿ ಅಲ್ಲಿಗೆ.

ಈ ವರ್ಷ ಗಾಣ ಹೂಡಿದಾಗ ಒಲೆಯ ಬಳಿ ಒಣಗಿದ ಕಬ್ಬಿನ ಸಿಪ್ಪೆಯ ಬಣವೆಯೇ ಇರಲಿಲ್ಲ.

"ಸಿಪ್ಪಿ ಎಲ್ಲಾ ಎಲ್ಲಿ ಹೋತ್ರಿ, ಸಾವ್ಕಾರ್ರ?"

"ಕಿತ್ತೂರ ಹೈವೇ ಕಡೆ ಫ್ಯಾಕ್ಟರಿ ಆಗೇತಿ, ಸೀತವ್ವ. ಸಿಪ್ಪಿ ಅರದು ಉಣ್ಣೂ ತಾಟ ಮಾಡ್ತಾರ. ಹಡಗ ಹತ್ತಿ ಫಾರಿನ್ನಿಗೆ ಹೊಕ್ಕಾವು. ಅಲ್ಲಿ ಮಂದಿ ಈಗ ಪ್ಲಾಸ್ಟಿಕ್ ಮುಟ್ಟಂಗಿಲ್ಲಂತ, ಭೂಮಿ ಕೆಡತೈತೆಂತ."

"ಮತ್ತ ನಮ್ಮ ಒಲಿಗೆ?"

"ಅವರು ಮುಟ್ಟಲಾರದ್ದು ಐತೆಲ್ಲಾ!" ಸಾಹುಕಾರರು ತಮ್ಮ ಮಾತಿಗೆ ತಾವೇ ನಕ್ಕರು.

ಲಾರಿಯಿಂದ ಒತ್ತಿ ಕಟ್ಟಿದ ಗಂಟುಗಳು ಇಳಿದವು. ಯಾವುದೋ ದೇಶದ ಅಕ್ಷರವಿದ್ದ ಪ್ಲಾಸ್ಟಿಕ್ ಪಾಕೀಟು, ಹರಕು ಬೂಟು, ಟಯರಿನ ಚೂರು. ಒಂದು ಪಾಕೀಟಿನ ಮೇಲೆ ಕೆಂಪು ಗಲ್ಲದ ಕೂಸೊಂದು ನಗುತ್ತಿತ್ತು. ಅದನ್ನು ಒಲೆಗೆ ತಳ್ಳಲು ಸೀತವ್ವನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ತಳ್ಳಿದಳು.

ಈ ಉರಿಯ ಮಾತು ಮಾತ್ರ ಅವಳಿಗೆ ತಿಳಿಯಲಿಲ್ಲ. ಚಟಪಟ ಎನ್ನದೆ ಬುಸ್ಸೆಂದು ಏಳುತ್ತಿತ್ತು. ಹೊಗೆ ಮೇಲಕ್ಕೇರದೆ ಓಣಿಯತ್ತ ತೆವಳುತ್ತಿತ್ತು. ಕೆಂಡ ಬೇಕೆಂದೇ ಅವಳು ತಳಕ್ಕೆ ಜಾಲಿ ಕೊರಡು ಇಡುತ್ತಿದ್ದಳು. ಕರಗಿದ್ದು ಅದರ ಮೇಲೆ ತೊಟ್ಟಿಕ್ಕಿ ಅರಗು ಬಳಿದಂತೆ ಹೊಳೆಯುತ್ತಿತ್ತು. ಆ ಕೆಂಡವೇ ಬುಟ್ಟಿ ತುಂಬಿ ಮನೆಗೆ ಹೋಗುತ್ತಿತ್ತು. ಬಾಣಂತನಕ್ಕೆ ಬಂದ ದುರ್ಗಾ ಗಂಡುಕೂಸು ಹಡೆದು, ಗಾಳಿ ಸೋಕದಂತೆ ಮುಚ್ಚಿದ ಕೋಣೆಯಲ್ಲಿ ಮಲಗಿದ್ದಳು.

"ಯವ್ವಾ, ಗಂಟಲಾ ಕೊರದಂಗ ಆಗತೈತಿ. ಸಾಕ ಮಾಡ ಈ ಕೆಂಡ."

"ಗಾಣದ ಕೆಂಡಕ್ಕ ಹೆಸರ ಇಡಬ್ಯಾಡ, ಹುಡುಗಿ. ನಿನ್ನ ಹಡದಾಗ ಇದನ್ನ ಕಾಸಿಕೊಂಡೇನಿ. ನೀ ಏನ ಬಡಕಲಾಗೀಯೇನು?"

"ಕೂಸಿನ ಎದಿ ಗೊರಗೊರ ಅನ್ನಾಕ ಹತ್ತೇತಿ, ನೋಡಿಲ್ಲೆ."

"ಥಂಡಿ ಅದು. ಇನ್ನೊಂದ ಬುಟ್ಟಿ ತರತೇನಿ ತಡಿ."

ತಂದಳು. ಕೂಸು ಕೆಮ್ಮಿದಷ್ಟೂ ಕೆಂಡ ಹೆಚ್ಚಾಯಿತು. ಕೆಂಡ ಹೆಚ್ಚಾದಷ್ಟೂ ಕೂಸು ಮೊಲೆ ಬಿಟ್ಟು ಮುಖ ತಿರುಗಿಸತೊಡಗಿತು.

ಅಷ್ಟರಲ್ಲಿ ಸಾಹುಕಾರರ ಮಗಳು ನಾಗರತ್ನಾ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ತವರಿಗೆ ಬಂದಳು. ಸೀತವ್ವ ಬುಟ್ಟಿ ತುಂಬಿಕೊಂಡು ಅವರ ಅಂಗಳಕ್ಕೆ ಹೋದಳು. ಸಾಹುಕಾರರ ಹೆಂಡತಿ ಗುರುಬಸವ್ವ ಪಡಸಾಲೆಯಿಂದಲೇ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂದರು. ಒಳಗ ತರಬ್ಯಾಡ."

ಸೀತವ್ವನ ಮುಖ ಬಿಗಿಯಿತು. "ಇಷ್ಟ ವರ್ಷ ನಡದದ್ದು ಈಗ ಮೈಲಿಗಿ ಆತೇನ್ರೀ ಅವ್ವಾರ? ನನ್ನ ಕೈಯಾಗಿಂದ ಬ್ಯಾಡಾತೇನ್ರಿ?"

"ಹುಚ್ಚಿ, ನಿನ್ನ ಕೈದಲ್ಲ, ಆ ಕೆಂಡದ್ದು." ಗುರುಬಸವ್ವ ಧ್ವನಿ ತಗ್ಗಿಸಿದಳು. "ಗಾಣದ ಹೊಗಿ ಕೂಸಿನ ಸನೇಕ ಸುಳೀಬಾರದು ಅಂತ ಸಾವ್ಕಾರ್ರ ಹೇಳ್ಯಾರ. ಅದ್ರಾಗ ವಿಷಾ ಇರತೈತೆಂತ. ನಿಮ್ಮ ದುರ್ಗಾನ ಕೋಣಿಗೆ ಒಯ್ಯೂದಿಲ್ಲಲ್ಲಾ ಮತ್ತ?"

ಸೀತವ್ವನ ಬುಟ್ಟಿ ಅಂಗಳದಲ್ಲೇ ಬಿತ್ತು, ಅವಳು ಓಡಿದಳು.

ಕೋಣೆಯಲ್ಲಿ ದುರ್ಗಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಅದರ ಅಳು ನಿಂತಿತ್ತು. ತುಟಿ ನೇರಳೆ ಹಣ್ಣು ತಿಂದಂತೆ ಆಗಿತ್ತು, ಒಂದೊಂದು ಉಸಿರಿಗೂ ಪಕ್ಕೆಲುಬು ಒಳಗೆ ಸೆಳೆಯುತ್ತಿತ್ತು. ಸೀತವ್ವ ಹೊರಸಿನ ಕೆಳಗಿನ ಬುಟ್ಟಿಯನ್ನು ಬರಿಗೈಯಿಂದಲೇ ಎಳೆದು ಹೊರಗೆಸೆದಳು. ಅಂಗೈ ಸುಟ್ಟದ್ದು ಬೈಲಹೊಂಗಲದ ದವಾಖಾನೆ ಮುಟ್ಟುವವರೆಗೂ ಅವಳಿಗೆ ತಿಳಿಯಲಿಲ್ಲ.

ಮೂಗಿಗೆ ನಳಿಕೆ ಹಚ್ಚಿ ಆಕ್ಸಿಜನ್ ಕೊಟ್ಟರು. ಕೂಸಿನ ತುಟಿಗೆ ಮೆಲ್ಲಗೆ ಬಣ್ಣ ಮರಳಿತು. ಮನೆಗೆ ಕಳಿಸುವಾಗ ಡಾಕ್ಟರು, "ಹೊಗಿ ಇದ್ದಲ್ಲೆ ಈ ಕೂಸನ್ನ ಇಡಬ್ಯಾಡ್ರಿ. ಇನ್ನೊಮ್ಮೆ ಹಿಂಗಾದ್ರ ತಡಕೊಳ್ಳೂದಿಲ್ಲ" ಎಂದರು.

ಸೀತವ್ವ ನೇರ ಗಾಣಕ್ಕೆ ಹೋದಳು. "ನಿಮ್ಮ ಮೊಮ್ಮಗಗ ಬ್ಯಾಡಾದ್ದು ನನ್ನ ಮೊಮ್ಮಗಗ ಹೆಂಗ ನಡೀತೈತ್ರಿ?"

"ನಾ ಒಯ್ಯಿ ಅಂದಿದ್ನೇನು?" ಎಂದರು ಸಾಹುಕಾರರು, ಪಾಕದಿಂದ ಕಣ್ಣು ತೆಗೆಯದೆ. "ಕೆಲಸಾ ಬ್ಯಾಡಂದ್ರ ಬಿಡು. ಒಲಿ ಅಂತೂ ಆರಂಗಿಲ್ಲ."

ಬಿಟ್ಟಳು. ಆದರೆ ಒಲೆಗೆ ಬೇರೊಬ್ಬಳು ನಿಂತಳು, ಹೊಗೆ ಓಣಿಗೆ ಬರುತ್ತಲೇ ಇತ್ತು. ದಿನ ತುಂಬದ ಬಾಣಂತಿಯನ್ನು ತವರಿನಿಂದ ಕಳಿಸಬಾರದು ಎಂದು ಓಣಿಯ ಹೆಂಗಸರು ಅಂದರು. ಸೀತವ್ವ ಕಿವಿಗೊಡದೆ ಮಗಳನ್ನೂ ಕೂಸನ್ನೂ ಕರೆದುಕೊಂಡು ಸವದತ್ತಿ ಮೇಲೆ ಕಟಕೋಳಕ್ಕೆ ಹೋಗುವ ಬಸ್ಸು ಹತ್ತಿದಳು.

ಕಟಕೋಳದಲ್ಲಿ ದುರ್ಗಾಳ ಅತ್ತೆ ದೇವಕ್ಕ ಬಾಗಿಲಲ್ಲೇ ಕಾದಿದ್ದಳು.

"ಬರ್ರಿ ಬೀಗರ, ಬರ್ರಿ. ಸುದ್ದಿ ಕೇಳಿ ಎದಿ ಧಸಕ್ಕಂದಿತ್ತ ನೋಡ್ರಿ. ಇನ್ನ ಚಿಂತಿ ಬಿಡ್ರಿ, ಕೋಣಿ ಬೆಚ್ಚಗ ಮಾಡೇನಿ. ನಮ್ಮೂರ ಗಾಣದ ಕೆಂಡ, ನಾನ ಹೋಗಿ ತಂದೇನಿ."

ಒಳಗಿನಿಂದ ಅದೇ ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಬಂತು. ಹೊಸ್ತಿಲಿಗೆ ಕಾಲೆತ್ತಿದ ದುರ್ಗಾಳ ರಟ್ಟೆಯನ್ನು ಸೀತವ್ವ ಹಿಡಿದೆಳೆದಳು.

"ಹೊರಗ ತಗೀರಿ ಅದನ್ನ."

"ಬಾಣಂತಿ ಕೆಂಡಾ ಹೊರಗ ತಗಿ ಅಂತೀರಿ? ಬಾಯಾಗ ಏನ ಮಾತ್ರಿ ಇದು!"

"ತಗೀರಿ, ಕೈ ಮುಗೀತೇನಿ."

ದೇವಕ್ಕ ಗೊಣಗುತ್ತ ಒಳಗೆ ಹೋದಳು. ಸೀತವ್ವ ಕೂಸನ್ನು ಎದೆಗವಚಿಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತು, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಮುಖ ಎತ್ತಿ ನೋಡಿದಳು. ಊರಾಚೆ, ಕಬ್ಬಿನ ಹೊಲಗಳ ಮೇಲೆ, ಗಾಣದ ಕಪ್ಪು ಹೊಗೆ ಮೇಲಕ್ಕೇರಲಾರದೆ ಮಗ್ಗುಲು ಹೊರಳಿ, ನಿಧಾನವಾಗಿ ಮನೆಗಳತ್ತ ತಿರುಗುತ್ತಿತ್ತು.