ಮೂರು ಕವರಿನೊಳಗಿನ ರೇಡಿಯೋ

ಕಲ್ಲಟ್ಟಿ ಘಾಟಿಯನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿಕೊಂಡೇ ಇಳಿಯುತ್ತೇನೆ. ಬಸ್ಸು ಓಡಿಸುವವನು ನಾನಲ್ಲ, ಗಾಬರಿ ಬೇಡ. ಇಂಥ ಪುಕ್ಕಲನ ಅಕ್ಕನ ಮಗಳು ಸುಮತಿ, ಗೆಳತಿಯ ಜೊತೆ ಪಾಲು ಹಾಕಿ ಎರಡು ಸೀಟಿನ ಹಳೇ ವಿಮಾನ ಕೊಂಡಳು. ವಿಮಾನ ಇರುವುದು ಕೆಳಗಿನ ಬಯಲಿನ ನಿಲ್ದಾಣದಲ್ಲಿ. ಅದರ ಚಿಂತೆ ಮಾತ್ರ ಇಲ್ಲಿ ಬೆಟ್ಟದ ಮೇಲಿನ ಕೆತ್ತಿಯಲ್ಲಿ, ನನ್ನ ಮನೆಯಲ್ಲಿ.

ಆಯುಷ್ಯವೆಲ್ಲ ರೇಡಿಯೋ ರಿಪೇರಿ ಮಾಡಿದವನೆಂದು, ವಿಮಾನದ ಸುರಕ್ಷತೆಯ ಸಾಮಾನು ಆರಿಸುವ ಕೆಲಸವನ್ನು ಅವಳು ನನಗೇ ಒಪ್ಪಿಸಿದಳು. ಎಂಜಿನ್ನಿನ ಹೊಗೆ ಒಳಗೆ ನುಗ್ಗಿದರೆ ಕೂಗುವ ಅಲಾರಂ, ಬೆಂಕಿ ಆರಿಸುವ ಪುಟ್ಟ ಸಿಲಿಂಡರ್, ವಿಮಾನ ಬಿದ್ದರೆ ಬಿದ್ದ ಜಾಗವನ್ನು ತಾನೇ ತಿಳಿಸುವ ಪೆಟ್ಟಿಗೆ. ಈ ಕೊನೆಯದರ ವಿವರ ಓದಿದ ದಿನ ನನಗೆ ಊಟ ಸೇರಲಿಲ್ಲ. ‘ಬಿದ್ದರೆ’ ಎಂಬುದನ್ನು ಎಷ್ಟು ಸಲೀಸಾಗಿ ಅಚ್ಚು ಹಾಕಿಸಿಬಿಡುತ್ತಾರೆ!

ನಿಲ್ದಾಣದವರೊಡನೆ ಮಾತಾಡಲು ವಿಮಾನದಲ್ಲಿ ಇರುವ ರೇಡಿಯೋ ಕೈಕೊಟ್ಟರೆ ಇನ್ನೊಂದಿರಲಿ ಎಂದು ಅಂಗಡಿಯವರು ಅದರ ಪಕ್ಕದಲ್ಲೇ ಕೂರಿಸುವಂಥದ್ದನ್ನು ತೋರಿಸಿದರು. ಅದಕ್ಕೆ ಕರೆಂಟು ಎಲ್ಲಿಂದ ಎಂದು ಕೇಳಿದೆ. ಅದೇ ಬ್ಯಾಟರಿಯಿಂದಂತೆ. ಹಾಗಾದರೆ ಸಾಯುವಾಗ ಎರಡೂ ಒಟ್ಟಿಗೇ ಸಾಯುತ್ತವಲ್ಲ! ತನ್ನದೇ ಬ್ಯಾಟರಿ ಇರುವ, ಕೈಯಲ್ಲಿ ಹಿಡಿಯುವ ರೇಡಿಯೋ ಆರಿಸಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ತಟ್ಟಿಕೊಂಡು ಸುಮ್ಮನಿದ್ದಿದ್ದರೆ ಸಾಕಿತ್ತು. ನಮ್ಮ ಬೆಟ್ಟದಲ್ಲಿ ಒಂದು ವಾರ ಮಂಜು ಕೂತರೆ ಚಪ್ಪಲಿಗೂ ಬೂಷ್ಟು, ಗೋಡೆಯ ಫೋಟೋಗೂ ಬೂಷ್ಟು. ಹಾಗಾಗಿ ಇಲ್ಲಿ ಬೆಲೆಬಾಳುವುದಕ್ಕೆಲ್ಲ ಪ್ಲಾಸ್ಟಿಕ್ ಕವರು. ಟಿವಿ ರಿಮೋಟು ಕವರಿನಲ್ಲಿ, ಜಮೀನಿನ ಪಟ್ಟಾ ಕಾಗದ ಎರಡು ಕವರಿನಲ್ಲಿ. ಸುಮತಿಯ ಜೀವ ಕಾಯುವ ರೇಡಿಯೋಗೆ ನಾನು ಮೂರು ಕವರು ಹಾಕಿ, ಒಂದೊಂದಕ್ಕೂ ದಾರದ ಗಂಟು ಬಿಗಿದು ಕೊಟ್ಟೆ. ಪ್ರೀತಿ ಹೆಚ್ಚಿದಷ್ಟೂ ಗಂಟು ಬಿಗಿಯಾಯಿತು.

ಮುಂದಿನ ತಿಂಗಳು ಸುಮತಿ ಒಬ್ಬಳೇ ಹಾರಿ, ನಿಲ್ದಾಣದ ಹತ್ತಿರ ಬರುವಾಗಲೇ ವಿಮಾನದ ಬ್ಯಾಟರಿ ಸತ್ತಿತು. ಕಿವಿಯ ಹೆಡ್‌ಫೋನಿನಲ್ಲಿ ಸದ್ದಿಲ್ಲ. ಒಂದು ಕೈಯಲ್ಲಿ ವಿಮಾನ, ಇನ್ನೊಂದು ಕೈಯಲ್ಲಿ ನನ್ನ ಪೊಟ್ಟಣ. ಗಂಟುಗಳನ್ನು ಹಲ್ಲಿನಿಂದ ಕಚ್ಚಿ ಹರಿದಳಂತೆ. ಕೊನೆಯ ಕವರು ಹರಿದು ರೇಡಿಯೋ ಹಾಕಿದಾಗ ಕೇಳಿದ್ದು, ಇಳಿಯಬೇಡ, ದೂರ ಸರಿ ಎಂಬ ನಿಲ್ದಾಣದವರ ಕೂಗು. ಅದೇ ರನ್‌ವೇಗೆ ಇನ್ನೊಂದು ವಿಮಾನ ಇಳಿಯುತ್ತಿತ್ತು. ಇನ್ನೊಂದು ಗಂಟು ಇದ್ದಿದ್ದರೆ ಏನಾಗುತ್ತಿತ್ತೋ!

ಇಳಿದ ಮೇಲೆ ಅವಳು ಫೋನು ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ರೇಡಿಯೋ ಸೇಫಾ ಇತ್ತು ಮಾವ,” ಎಂದಳು. “ನಾ ತಾನೆ ಸೇಫಾ ಇರಲಿಲ್ಲೆ.”

ಈಗ ಆ ರೇಡಿಯೋ ಬರಿಮೈಯಲ್ಲಿ ಅವಳ ಕೊರಳಲ್ಲಿ ನೇತಾಡುತ್ತದೆ. ಅವಳು ಹಾರುವ ದಿನ ನಾನು ನನ್ನ ಫೋನಿನ ಕವರು ಬಿಚ್ಚಿ, ಮಂಜಿನ ಅಂಗಳದಲ್ಲಿ ಅಂಗೈ ಮೇಲಿಟ್ಟುಕೊಂಡು ಕೂರುತ್ತೇನೆ. ತೇವ ಒಳಗೆ ಹೋದರೆ ಫೋನು ಕೆಡುತ್ತದೆಂದು ಹೆಂಡತಿ ಗದರುತ್ತಾಳೆ. ಕೆಟ್ಟರೆ ರಿಪೇರಿ ಮಾಡುತ್ತೇನೆ, ಕಲಿತ ವಿದ್ಯೆ ಅದೊಂದೇ. “ಇಳಿದೆ ಮಾವ” ಎಂಬ ಎರಡು ಮಾತು ಬರುವ ತನಕ ಅದು ನೆನೆಯಲಿ.